ಲಿಕ್ವಿಡ್ ಎಲ್‌ಪಿಜಿ ಸಿಸ್ಟಮ್ ನೀವೇ ಮಾಡಲು ಹೊರಟಿದ್ದೀರಾ? ಎರಡು ವಾಲ್ವ್‌ಗಳ ನಡುವಿನ ಪೈಪ್ ನೋಡಿ

ಎಲ್‌ಪಿಜಿಯನ್ನು ದ್ರವವಾಗಿಯೇ ಇಂಜಿನ್‌ಗೆ ಹೊಡೆಯುವ ಸಿಸ್ಟಮ್ ಮಾಡೋಣ ಅಂತ ಯಾರಾದರೂ ಹೊರಟಿದ್ದರೆ, ದಯವಿಟ್ಟು ಮೊದಲು ಇದನ್ನು ಓದಿ. ಕಾಲೇಜ್ ಪ್ರಾಜೆಕ್ಟ್ ಮಾಡುವ ಹುಡುಗರಂತೂ ಓದಲೇಬೇಕು.

ನಮ್ಮ ಆಟೋಗಳಲ್ಲಿ, ಗ್ಯಾಸ್ ಕಿಟ್ ಹಾಕಿದ ಕಾರುಗಳಲ್ಲಿ ರಿಡ್ಯೂಸರ್ ಇರುತ್ತದೆ ಅಲ್ವಾ, ಟ್ಯಾಂಕಿನ ದ್ರವ ಅಲ್ಲಿ ಆವಿಯಾಗಿ ಆಮೇಲೆ ಇಂಜಿನ್‌ಗೆ ಹೋಗುತ್ತದೆ. ನಾನೂ ನನ್ನ ಗೆಳೆಯನೂ ಆ ರಿಡ್ಯೂಸರನ್ನೇ ಬಿಟ್ಟೆವು. ದ್ರವ ಇಂಜೆಕ್ಟರ್ (ಇಂಜಿನ್‌ಗೆ ಇಂಧನ ಚಿಮ್ಮಿಸುವ ಭಾಗ) ಹತ್ತಿರವೇ ಆವಿಯಾದರೆ ಒಳಗೆ ಹೋಗುವ ಗಾಳಿ ತಣ್ಣಗಾಗುತ್ತದೆ, ತಣ್ಣನೆಯ ಗಾಳಿ ಜಾಸ್ತಿ ತುಂಬುತ್ತದೆ, ಪವರ್ ಇಳಿಯುವುದಿಲ್ಲ. ಲೆಕ್ಕ ಸರಿಯೇ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿ 2011ರಲ್ಲಿ ಫಾಲ್ಕನ್ ಕಾರನ್ನು ಹೀಗೇ ಮಾಡಿ ಮಾರಿತ್ತು. ನಮ್ಮದು ರಸ್ತೆಗೆ ಇಳಿಸದ, ಶೆಡ್‌ನಲ್ಲೇ ಇದ್ದ ಹಳೆಯ ಪೆಟ್ರೋಲ್ ಕಾರು.

ಮೊದಲು ಕಾಡಿದ್ದು ಬಿಸಿ. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಗೆ. ಇಂಜಿನ್ ನಿಲ್ಲಿಸಿದ ಹತ್ತೇ ನಿಮಿಷಕ್ಕೆ ಬಾನೆಟ್ ಒಳಗಿನ ಕಾವಿಗೆ ರೇಲ್‌ನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಪೈಪಿನಲ್ಲಿ, ಬರೀ ಆವಿ. ಮತ್ತೆ ಸ್ಟಾರ್ಟ್ ಮಾಡಿದರೆ ಸುಮ್ನೆ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಟ್ಯಾಂಕ್ ಒಳಗೆ ಪಂಪ್ ಇಟ್ಟು, ಟ್ಯಾಂಕಿನ ಒತ್ತಡಕ್ಕಿಂತ 5 ಬಾರ್ ಜಾಸ್ತಿ ಕೊಟ್ಟು, ಉಳಿದ ದ್ರವ ಟ್ಯಾಂಕಿಗೆ ವಾಪಸ್ ಹೋಗಲು ರಿಟರ್ನ್ ಪೈಪ್ ಎಳೆದೆವು. ಆದರೂ ಆಗಲಿಲ್ಲ. ಕೊನೆಗೆ ರಿಟರ್ನ್ ಪೈಪಿಗೂ ಒಂದು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್ ಹಾಕಿದೆವು. ಕೀ ಆಫ್ ಮಾಡಿದರೆ ಎರಡೂ ಕಡೆ ಬಂದ್, ದ್ರವ ಒತ್ತಡದಲ್ಲೇ ಉಳಿಯುತ್ತದೆ. ಬಿಸಿ ಇಂಜಿನ್ ಮೂರು ಸೆಕೆಂಡಿಗೆ ಸ್ಟಾರ್ಟ್ ಆಯಿತು. ಎಷ್ಟು ಖುಷಿಪಟ್ಟೆವು ಅಂದರೆ, ಅಲ್ಲೇನು ತಪ್ಪಾಗಿದೆ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಟ್ಯಾಂಕನ್ನು 80 ಪರ್ಸೆಂಟ್ ಮಾತ್ರ ತುಂಬಬೇಕು ಅಂತ ಇಬ್ಬರಿಗೂ ಗೊತ್ತಿತ್ತು. ಬಿಸಿಯಾದಾಗ ದ್ರವ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಆದರೆ ಎರಡು ವಾಲ್ವ್‌ಗಳ ನಡುವಿನ ಪೈಪು ನೂರಕ್ಕೆ ನೂರು ತುಂಬಿತ್ತು! ಪ್ರೊಪೇನ್ ದ್ರವ ನೀರಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಜಾಗವೇ ಇಲ್ಲದಿದ್ದರೆ ಒಂದೊಂದು ಡಿಗ್ರಿಗೂ ಹಲವಾರು ಬಾರ್ ಒತ್ತಡ ಏರಬಹುದು.

ಏಪ್ರಿಲ್ ಮಧ್ಯಾಹ್ನ. ಕಾರನ್ನು ಹೊರಗೆ ಬಿಸಿಲಿಗೆ ನಿಲ್ಲಿಸಿ ಊಟಕ್ಕೆ ಕೂತಿದ್ದೆವು. ಢಬ್ ಅಂತ ಸದ್ದು. ಕಾರಿನ ಕೆಳಗಿಂದ ಬಿಳಿ ಮಂಜು ಹೊರಟು ನೆಲಕ್ಕೆ ಅಂಟಿಕೊಂಡೇ ಪಕ್ಕದ ವೆಲ್ಡಿಂಗ್ ಶೆಡ್ ಕಡೆ ಹರಿಯತೊಡಗಿತು. ಈ ಗ್ಯಾಸ್ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ. ನಾನು ಲೈಟಿನ ಸ್ವಿಚ್ ಕಡೆ ಕೈ ಚಾಚಿದ್ದೆ. "ಲೋ, ಮುಟ್ಟಬೇಡ ಕಣೋ!" ಅಂತ ಗೆಳೆಯ ಕೂಗಿದ. ವೆಲ್ಡಿಂಗ್ ಅಣ್ಣನೂ ಊಟಕ್ಕೆ ಹೋಗಿದ್ದರು, ಅದಕ್ಕೇ ನಾವೆಲ್ಲ ಬದುಕಿದೆವು. ಒಡೆದ ಪೈಪಿನ ಬಾಯಿಗೆ ಬಿಳಿ ಹಿಮ ಕಟ್ಟಿತ್ತು. ಅದನ್ನು ಹಿಡಿದ ಗೆಳೆಯನ ಎರಡು ಬೆರಳಿಗೆ, ಬೆಂಕಿಯಲ್ಲಿ ಸುಟ್ಟ ಹಾಗೆಯೇ ಬೊಬ್ಬೆ ಎದ್ದವು.

ಹೊರಗೆ ಬಂದದ್ದು ಒಂದು ಲೋಟದಷ್ಟು ದ್ರವ, ಅಷ್ಟೇ. ಆದರೆ ಅದು ಆವಿಯಾದರೆ ಸುಮಾರು 250 ಪಟ್ಟು, ಅಂದರೆ 50 ಲೀಟರ್. ಗಾಳಿಯಲ್ಲಿ 2 ಪರ್ಸೆಂಟ್ ಸೇರಿದರೂ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ.

ಪೈಪಿನ ವಿಷಯ. ಅಂಗಡಿಯವರು "ಗ್ಯಾಸ್‌ಗೆ ಆಗುತ್ತೆ ಸಾರ್" ಅಂತ ಕೊಟ್ಟಿದ್ದರು. ಮೇಲೆ ಒಂದು ಅಕ್ಷರ ಇರಲಿಲ್ಲ. ಒತ್ತಡ ಎಷ್ಟು ತಡೆಯುತ್ತದೆ ಅಂತ ಅಚ್ಚು ಹಾಕಿರದ ಪೈಪ್ ಕೊಳ್ಳಲೇಬೇಡಿ. ಹಾಗಂತ ಒಳ್ಳೆಯ ಪೈಪ್ ಹಾಕಿದರೆ ಸಾಕು ಅಂದುಕೊಳ್ಳಬೇಡಿ, ದ್ರವಕ್ಕೆ ದಾರಿ ಇಲ್ಲದಿದ್ದರೆ ಅದೂ ಒಂದಲ್ಲ ಒಂದು ದಿನ ಸೋಲುತ್ತದೆ. ಇನ್ನು ಓಡಿಸುವ ಗಾಡಿಗೆ ಅಪ್ರೂವ್ ಆದ ಕಿಟ್ಟನ್ನೇ ಹಾಕಿಸಿ, ಆರ್‌ಸಿಯಲ್ಲಿ ಬರೆಸಿಕೊಳ್ಳಿ.

ನಿಮ್ಮ ಸಿಸ್ಟಮ್‌ನ ಚಿತ್ರ ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲ ವಾಲ್ವ್‌ಗಳೂ ಮುಚ್ಚಿವೆ ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ. ಈಗ ಪೈಪಿನ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಕೇಳಿಕೊಳ್ಳಿ, ಇಲ್ಲಿ ಸಿಕ್ಕಿಕೊಂಡ ದ್ರವ ಹಿಗ್ಗಿದರೆ ಎಲ್ಲಿಗೆ ಹೋಗುತ್ತದೆ? ಒತ್ತಡ ಮಿತಿ ಮೀರಿದರೆ ತಾನೇ ತೆರೆಯುವ ರಿಲೀಫ್ ವಾಲ್ವ್ ಮೂಲಕ ವಾಪಸ್ ಟ್ಯಾಂಕಿಗೆ ಹೋಗುವ ದಾರಿ ಒಂದು ತುಂಡಿಗೆ ಇಲ್ಲದಿದ್ದರೂ, ಗ್ಯಾಸ್ ತುಂಬಿಸಬೇಡಿ.