ಹಳೆಯ ವಿ8 ಎಂಜಿನ್ ಅತಿಯಾಗಿ ಕಾಯುವುದಕ್ಕೆ ಯಾವ ಮದ್ದು: ರೇಡಿಯೇಟರ್, ಫ್ಯಾನ್ ಮತ್ತು ಟೈಮಿಂಗ್‌ಗಳ ಹೋಲಿಕೆ

ನನ್ನ ಬಳಿ ಇರುವುದು 1969ರ ಶೆವ್ರೊಲೆ ಶೆವೆಲ್. ಅದರ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರುಗಳ) ಎಂಜಿನ್ 350 ಘನ ಅಂಗುಲದ್ದು, ಅಂದರೆ ಸುಮಾರು 5.7 ಲೀಟರಿನದು. ಹೊರಗೆ 33 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದ ದಿನ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಕೂಲೆಂಟ್ (ಎಂಜಿನ್ ತಣಿಸುವ ದ್ರವ) 96 ಡಿಗ್ರಿಯಲ್ಲಿ ನಿಲ್ಲುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ 14 ನಿಮಿಷಗಳೊಳಗೆ 113 ದಾಟಿ ಏರುತ್ತಲೇ ಹೋಗುತ್ತಿತ್ತು. ಇದನ್ನು ಕಾರಿನ ಮೂಲ ವಿನ್ಯಾಸದ ದೋಷವೆನ್ನಲಾಗದು. ಐದು ದಶಕಗಳಲ್ಲಿ ಕೈಯಿಂದ ಕೈಗೆ ದಾಟುವಾಗ ಫ್ಯಾನಿನ ಸುತ್ತ ಇರಬೇಕಾದ ಶ್ರೌಡ್ ಎಂಬ ಕವಚ ಕಾಣೆಯಾಗಿತ್ತು, ಮೂಲ ಫ್ಯಾನಿನ ಜಾಗದಲ್ಲಿ ಬೇರೊಂದು ಬಂದಿತ್ತು, ಕೂಲೆಂಟನ್ನು ಗಾಳಿಯಿಂದ ತಣಿಸುವ ರೇಡಿಯೇಟರಿನೊಳಗೆ ತುಕ್ಕು ಮತ್ತು ಸುಣ್ಣದಂಥ ಗಸಿ ಕೂತಿತ್ತು. ಇಂಥ ಕಾರಿಗೆ ಯಾವುದನ್ನು ಮೊದಲು ಬದಲಿಸಬೇಕು ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರಗಳು ಸಿಗುತ್ತವೆ. ಆದ್ದರಿಂದ ಒಂದೊಂದನ್ನೂ ಬೇರೆಬೇರೆಯಾಗಿ ಜೋಡಿಸಿ, ಅಳೆದು, ಬಿಚ್ಚಿ, ಮುಂದಿನದನ್ನು ಜೋಡಿಸುತ್ತ ಒಂದು ಬೇಸಿಗೆಯನ್ನು ಇದಕ್ಕೇ ಮೀಸಲಿಟ್ಟೆ.

ಪ್ರತಿ ಬಾರಿಯೂ ಪರೀಕ್ಷೆಯ ಕ್ರಮ ಒಂದೇ: ನಲವತ್ತು ನಿಮಿಷ ಹೆದ್ದಾರಿಯ ಓಟ, ತಕ್ಷಣ ಬಾನೆಟ್ ಮುಚ್ಚಿದಂತೆಯೇ ಇಪ್ಪತ್ತು ನಿಮಿಷ ಐಡಲ್ (ನಿಂತಲ್ಲೇ ಎಂಜಿನ್ ಚಾಲೂ), ಹೊರಗಿನ ತಾಪ 32ರಿಂದ 34 ಡಿಗ್ರಿಯೊಳಗೆ. ಡ್ಯಾಶ್‌ಬೋರ್ಡಿನ ಹಳೆಯ ಗೇಜನ್ನು ನಾನು ನಂಬಲಿಲ್ಲ. ಥರ್ಮೋಸ್ಟಾಟ್ (ಬಿಸಿಗೆ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ಕೂರುವ ಗೂಡಿನ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದಾಗ ಗೇಜ್ ಆರು ಡಿಗ್ರಿ ಹೆಚ್ಚು ತೋರಿಸುತ್ತಿದ್ದುದು ಗೊತ್ತಾಯಿತು. ಇಲ್ಲಿ ಕೊಟ್ಟಿರುವ ಅಂಕಿಗಳೆಲ್ಲ ಥರ್ಮಾಮೀಟರಿನವು. ಕೆಲಸ ಶುರು ಮಾಡುವ ಮೊದಲೇ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ಡಿನ ನಡುವಿನ ಮುದ್ರೆ) ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡಿದ್ದೆ. ರೇಡಿಯೇಟರಿನ ಬಾಯಿಯಲ್ಲಿ ನೀಲಿ ದ್ರವದ ಪರೀಕ್ಷೆ ಮಾಡಿದಾಗ, ಉರಿದ ಅನಿಲ ಕೂಲೆಂಟಿಗೆ ನುಗ್ಗುತ್ತಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಹಾಗಾಗಿದ್ದರೆ ಮುಂದಿನ ಯಾವ ಹೋಲಿಕೆಗೂ ಅರ್ಥವಿರುತ್ತಿರಲಿಲ್ಲ.

ಎಲ್ಲಕ್ಕಿಂತ ಸುಲಭದ್ದು ಥರ್ಮೋಸ್ಟಾಟ್, ಆದ್ದರಿಂದ ಅದರಿಂದಲೇ ಆರಂಭಿಸಿದೆ. ಮೊದಲಿದ್ದದ್ದು 82 ಡಿಗ್ರಿಯದು, ಹಾಕಿದ್ದು 71 ಡಿಗ್ರಿಯದು. ಹೆದ್ದಾರಿಯಲ್ಲಿ ಅದೇ 96. ಐಡಲ್‌ನಲ್ಲಿ 113 ತಲುಪಲು ಎರಡು ನಿಮಿಷ ಹೆಚ್ಚು ಹಿಡಿಯಿತು, ಅಷ್ಟೆ. ಥರ್ಮೋಸ್ಟಾಟ್ ನಿರ್ಧರಿಸುವುದು ಎಂಜಿನ್ ಕನಿಷ್ಠ ಎಷ್ಟು ಬಿಸಿಯಾಗಿರಬೇಕು ಎಂಬುದನ್ನು. ಅದು ಪೂರ್ತಿ ತೆರೆದುಕೊಂಡ ಮೇಲೆ ತಾಪ ಎಲ್ಲಿ ನಿಲ್ಲುತ್ತದೆ ಎಂಬುದು ರೇಡಿಯೇಟರ್ ಮತ್ತು ಗಾಳಿಗೆ ಬಿಟ್ಟದ್ದು. ಮತ್ತೆ 82 ಡಿಗ್ರಿಯದನ್ನೇ ಹಾಕಿದೆ.

ರೇಡಿಯೇಟರಿನ ವಿಷಯ ಇಷ್ಟು ಸರಳವಲ್ಲ. ಹಳೆಯದು ಮೂರು ಸಾಲು ಕೊಳವೆಗಳ ತಾಮ್ರ-ಹಿತ್ತಾಳೆಯದು, ಹೊಸದು ಒಂದೊಂದು ಅಂಗುಲ ಅಗಲದ ಎರಡು ಸಾಲು ಕೊಳವೆಗಳ ಅಲ್ಯುಮಿನಿಯಂನದು. ಶಾಖವನ್ನು ಸಾಗಿಸುವುದರಲ್ಲಿ ತಾಮ್ರ ಅಲ್ಯುಮಿನಿಯಂಗಿಂತ ಎಷ್ಟೋ ಮುಂದು. ಆದರೂ ಅಲ್ಯುಮಿನಿಯಂ ಗೆಲ್ಲುವುದು ಲೋಹದ ಗುಣದಿಂದಲ್ಲ, ರಚನೆಯಿಂದ. ತಾಮ್ರ-ಹಿತ್ತಾಳೆಯ ಕೊಳವೆಗಳನ್ನು ಅಷ್ಟು ಅಗಲ ಮಾಡಿದರೆ ಒತ್ತಡಕ್ಕೆ ಉಬ್ಬುತ್ತವೆ, ಅದಕ್ಕಾಗಿ ಅವನ್ನು ಕಿರಿದಾಗಿಯೇ ಇಡಬೇಕಾಗುತ್ತದೆ. ಅಲ್ಯುಮಿನಿಯಂನ ಅಗಲ ಕೊಳವೆಗಳಿಗೆ ಶಾಖವನ್ನು ಗಾಳಿಗೆ ಬಿಡುವ ತೆಳು ತಗಡಿನ ರೆಕ್ಕೆಗಳು ಹೆಚ್ಚು ಜಾಗದಲ್ಲಿ ತಾಗುತ್ತವೆ, ನಡುವೆ ಬೆಸುಗೆಯ ಸೀಸದ ಪದರವೂ ಇರುವುದಿಲ್ಲ. ಹೊಸ ರೇಡಿಯೇಟರಿನಿಂದ ಹೆದ್ದಾರಿಯ ತಾಪ 96ರಿಂದ 87ಕ್ಕೆ ಇಳಿಯಿತು. ಆದರೆ ಐಡಲ್‌ನಲ್ಲಿ ಇಪ್ಪತ್ತನೆಯ ನಿಮಿಷಕ್ಕೆ 109 ಮುಟ್ಟಿ, ನಿಧಾನವಾಗಿಯಾದರೂ ಏರುತ್ತಲೇ ಇತ್ತು. ಎಷ್ಟೇ ಒಳ್ಳೆಯ ರೇಡಿಯೇಟರ್ ಆಗಿರಲಿ, ಅದರ ಮೂಲಕ ಗಾಳಿ ಹಾಯದಿದ್ದರೆ ಅದು ಬಿಸಿನೀರಿನ ಹಂಡೆ ಮಾತ್ರ.

ಹಳೆಯ ರೇಡಿಯೇಟರಿಗೂ ನ್ಯಾಯ ಸಲ್ಲಬೇಕೆಂದು ಅದರ ಮೇಲ್ಮೈಯನ್ನು ಥರ್ಮಾಮೀಟರಿನಿಂದ ಉದ್ದಕ್ಕೂ ಅಳೆದಿದ್ದೆ. ಒಂದು ಮೂಲೆಯಲ್ಲಿ ಅಂಗೈ ಅಗಲದ ಜಾಗ ಉಳಿದ ಭಾಗಕ್ಕಿಂತ ಇಪ್ಪತ್ತು ಡಿಗ್ರಿ ತಣ್ಣಗಿತ್ತು: ಅಲ್ಲಿನ ಕೊಳವೆಗಳು ಕಟ್ಟಿಕೊಂಡಿದ್ದವು. ಟ್ಯಾಂಕಿನ ಬೆಸುಗೆ ಬಿಡಿಸಿ, ಪ್ರತಿ ಕೊಳವೆಯಲ್ಲೂ ಸರಳು ಆಡಿಸಿ ಶುಚಿಮಾಡಿಸಿದ ಮೇಲೆ ಅದೇ ರೇಡಿಯೇಟರ್ ಹೆದ್ದಾರಿಯಲ್ಲಿ 90 ಡಿಗ್ರಿ ಕೊಟ್ಟಿತು. ಹೊಸದಕ್ಕೂ ಇದಕ್ಕೂ ಇರುವುದು ಮೂರೇ ಡಿಗ್ರಿಯ ಅಂತರ. ಕಾರನ್ನು ಮೂಲ ರೂಪದಲ್ಲೇ ಉಳಿಸಿಕೊಳ್ಳಬೇಕೆನ್ನುವವರಿಗೆ ಇದು ಬಹಳ ಸಮಾಧಾನದ ಸಂಗತಿ; ನನಗಂತೂ ಆ ಕಪ್ಪು ಬಣ್ಣದ ಹಳೆಯ ಟ್ಯಾಂಕನ್ನು ಬಾನೆಟ್ ಕೆಳಗೆ ಮತ್ತೆ ಕಂಡಾಗ ಮನಸ್ಸು ತುಂಬಿತು.

ಇನ್ನು ಗಾಳಿ. ಇಲ್ಲಿ ಸ್ಪರ್ಧೆ ಎರಡರ ನಡುವೆ: ಎರಡು ಎಲೆಕ್ಟ್ರಿಕ್ ಫ್ಯಾನುಗಳು ಒಂದು ಕಡೆ, ಪೂರ್ಣ ಶ್ರೌಡ್ ಸಮೇತ ಕ್ಲಚ್ ಫ್ಯಾನ್ ಇನ್ನೊಂದು ಕಡೆ. ಎರಡನ್ನೂ ಶುಚಿಮಾಡುವ ಮೊದಲಿನ ಹಳೆಯ ರೇಡಿಯೇಟರಿನೊಂದಿಗೇ ಪರೀಕ್ಷಿಸಿದ್ದೆ. ಎಲೆಕ್ಟ್ರಿಕ್ ಫ್ಯಾನುಗಳು ಐಡಲ್‌ನಲ್ಲಿ 98 ಡಿಗ್ರಿಯಲ್ಲಿ ಹಿಡಿದು ನಿಲ್ಲಿಸಿದವು, ಇದು ಒಳ್ಳೆಯ ಫಲಿತಾಂಶವೇ. ಆದರೆ ಎರಡೂ ಸೇರಿ 30 ಆಂಪಿಯರ್ ಎಳೆಯುತ್ತಿದ್ದವು, ಕಾರಿನಲ್ಲಿದ್ದ ಆಲ್ಟರ್ನೇಟರ್ (ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸುವ ಯಂತ್ರ) 37 ಆಂಪಿಯರಿನದು, ಅದೂ ಎಂಜಿನ್ ವೇಗವಾಗಿ ತಿರುಗುವಾಗಿನ ಲೆಕ್ಕ. ಐಡಲ್‌ನಲ್ಲಿ ಅದರ ಉತ್ಪಾದನೆ ಬಹಳ ಕಡಿಮೆ, ಅಂದರೆ ಫ್ಯಾನುಗಳಿಗೆ ವಿದ್ಯುತ್ ಹೆಚ್ಚು ಬೇಕಾಗುವ ಹೊತ್ತಿನಲ್ಲೇ ಕೊಡಲು ಅದರ ಬಳಿ ಇಲ್ಲ. ಹೆಡ್‌ಲೈಟ್ ಹಾಕಿದಾಗ ಬೆಳಕು ಮಂಕಾಯಿತು, ಬ್ಯಾಟರಿ ಇಳಿಯತೊಡಗಿತು. ದೊಡ್ಡ ಆಲ್ಟರ್ನೇಟರ್, ದಪ್ಪ ವೈರು, ಪ್ರತಿ ಫ್ಯಾನಿಗೂ ಒಂದೊಂದು ರಿಲೇ ಮತ್ತು ಫ್ಯೂಸ್, ಇವೆಲ್ಲ ಸೇರಿದರೆ ಮಾತ್ರ ಇದು ಪೂರ್ಣ ಪರಿಹಾರ. ಇನ್ನೊಂದು ತೊಡಕು ನಾನು ನಿರೀಕ್ಷಿಸಿರಲಿಲ್ಲ: ಹೆದ್ದಾರಿಯ ತಾಪ 96ರಿಂದ 100ಕ್ಕೆ ಏರಿತು. ಫ್ಯಾನುಗಳನ್ನು ಕೂರಿಸಿದ ಚಪ್ಪಟೆ ತಗಡು ರೇಡಿಯೇಟರಿನ ಬೆನ್ನಿಗೆ ಒತ್ತಿಕೊಂಡು, ಓಟದಲ್ಲಿ ತಾನಾಗಿ ನುಗ್ಗುವ ಗಾಳಿಗೆ ಅಡ್ಡವಾಗಿತ್ತು. ವೇಗಕ್ಕೆ ತೆರೆದುಕೊಳ್ಳುವ ರಬ್ಬರಿನ ಕದಗಳುಳ್ಳ ಶ್ರೌಡ್ ಆಗಿದ್ದರೆ ಈ ತೊಡಕು ಕಡಿಮೆಯಾಗುತ್ತಿತ್ತು.

ಕ್ಲಚ್ ಫ್ಯಾನಿನ ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದ ಸುರುಳಿಯೊಂದಿರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಅದು ತಿರುಚಿಕೊಂಡು ಒಳಗಿನ ಸಿಲಿಕೋನ್ ದ್ರವಕ್ಕೆ ದಾರಿ ಬಿಡುತ್ತದೆ; ಆಗ ಫ್ಯಾನ್ ಪುಲ್ಲಿಯ ಜೊತೆ ಬಿಗಿದುಕೊಂಡು ಜೋರಾಗಿ ತಿರುಗುತ್ತದೆ. ತಂಪಾದಾಗ ಸಡಿಲಗೊಂಡು ಎಂಜಿನ್ನಿನ ಶಕ್ತಿಯನ್ನು ಉಳಿಸುತ್ತದೆ. ಮೊದಲು ಶ್ರೌಡ್ ಇಲ್ಲದೆ ಕ್ಲಚ್ ಫ್ಯಾನ್ ಒಂದನ್ನೇ ಹಾಕಿ ನೋಡಿದೆ: ಐಡಲ್‌ನಲ್ಲಿ 109. ಶ್ರೌಡ್ ಸೇರಿಸಿದ ಕೂಡಲೇ 100. ಒಂದು ಪ್ಲಾಸ್ಟಿಕ್ ಕವಚ ಒಂಬತ್ತು ಡಿಗ್ರಿ ಇಳಿಸಿತೆಂದರೆ ಮೊದಲು ನನಗೇ ನಂಬಿಕೆಯಾಗದೆ ಮರುದಿನ ಮತ್ತೆ ಅಳೆದೆ, ಅದೇ ಅಂಕಿ ಬಂತು. ಶ್ರೌಡ್ ಇಲ್ಲದ ಫ್ಯಾನ್ ತನ್ನ ಸುತ್ತಲಿನ ಎಂಜಿನ್ ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ, ರೇಡಿಯೇಟರಿನ ಮೂಲೆಗಳಿಂದ ಏನನ್ನೂ ಎಳೆಯುವುದಿಲ್ಲ. ಫ್ಯಾನಿನ ಎಲೆಗಳ ಅಗಲದಲ್ಲಿ ಸುಮಾರು ಅರ್ಧ ಶ್ರೌಡಿನೊಳಗೂ ಅರ್ಧ ಹೊರಗೂ ಇರಬೇಕು. ನನ್ನದು ಮೊದಲು ಪೂರ್ತಿ ಒಳಗಿದ್ದುದರಿಂದ ಫ್ಯಾನ್ ಮತ್ತು ಪುಲ್ಲಿಯ ನಡುವಿನ ಬಿಲ್ಲೆಯನ್ನು ತೆಳ್ಳಗಿನದಕ್ಕೆ ಬದಲಿಸಿ ಹಿಂದಕ್ಕೆ ಸರಿಸಬೇಕಾಯಿತು. ಹೆದ್ದಾರಿಯಲ್ಲಿ 95, ಅಂದರೆ ಗಾಳಿಗೆ ಅಡ್ಡಿಯೇನೂ ಆಗಲಿಲ್ಲ. ಎಲೆಕ್ಟ್ರಿಕ್ ಫ್ಯಾನಿಗಿಂತ ಐಡಲ್‌ನಲ್ಲಿ ಎರಡು ಡಿಗ್ರಿ ಹಿಂದಿದ್ದರೂ, ವೈರು, ರಿಲೇಗಳ ಗೊಡವೆಯೇ ಇಲ್ಲದ ಈ ಜೋಡಿಯನ್ನೇ ನಾನು ಮೇಲೆಂದು ಎಣಿಸುತ್ತೇನೆ.

ಕೊನೆಯದಾಗಿ ಇಗ್ನಿಷನ್ ಟೈಮಿಂಗ್, ಅಂದರೆ ಸಿಲಿಂಡರಿನಲ್ಲಿ ಕಿಡಿ ಹೊತ್ತುವ ಗಳಿಗೆ; ಒಂದೇ ಒಂದು ಬಿಡಿಭಾಗವನ್ನೂ ಕೊಳ್ಳದೆ ದೊರೆತ ಲಾಭವಿದು. ನನ್ನ ಎಂಜಿನ್ ಐಡಲ್‌ನಲ್ಲಿ ಪಿಸ್ಟನ್ ತುದಿ ಮುಟ್ಟುವುದಕ್ಕೆ ಕೇವಲ 4 ಡಿಗ್ರಿ (ಇದು ತಾಪವಲ್ಲ, ಕ್ರ್ಯಾಂಕ್‌ಶಾಫ್ಟ್ ತಿರುಗುವ ಕೋನ) ಮೊದಲು ಕಿಡಿ ಕೊಡುತ್ತಿತ್ತು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ, ನಿರ್ವಾತ ಸಿಕ್ಕಾಗ ಕಿಡಿಯನ್ನು ಇನ್ನಷ್ಟು ಮುಂಚೆ ತರುವ ವ್ಯಾಕ್ಯೂಮ್ ಕೊಳವೆ ಕಾರ್ಬುರೇಟರಿನ ಥ್ರಾಟಲ್ ಕದದ ಮೇಲಿನ ರಂಧ್ರಕ್ಕೆ ಸೇರಿತ್ತು. ಆ ರಂಧ್ರದಲ್ಲಿ ಐಡಲ್ ವೇಳೆ ನಿರ್ವಾತವೇ ಇರುವುದಿಲ್ಲ. ಹೊಗೆ ನಿಯಂತ್ರಣಕ್ಕಾಗಿ 1960ರ ದಶಕದ ಕೊನೆಯಲ್ಲಿ ಅನೇಕ ಕಾರುಗಳನ್ನು ಹೀಗೆಯೇ ಹೊಂದಿಸಲಾಗುತ್ತಿತ್ತು. ಎಂಜಿನ್ ಅತಿಯಾಗಿ ಕಾದಾಗ ಮಾತ್ರ ಪೂರ್ಣ ನಿರ್ವಾತ ಕೊಡುವ ತಾಪದ ಸ್ವಿಚ್ಚನ್ನು ಕೆಲವು ಕಾರುಗಳಲ್ಲಿ ತಯಾರಕರೇ ಅಳವಡಿಸುತ್ತಿದ್ದರು. ಕಿಡಿ ತಡವಾದರೆ ಇಂಧನ-ಗಾಳಿಯ ಮಿಶ್ರಣ ಇನ್ನೂ ಉರಿಯುತ್ತಿರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ, ಆ ಬೆಂಕಿಯ ಶಾಖ ಹೆಚ್ಚಾಗಿ ಸಿಲಿಂಡರ್ ಹೆಡ್ಡಿನ ಮೂಲಕ ಕೂಲೆಂಟಿಗೆ ಸೇರುತ್ತದೆ. ಆರಂಭಿಕ ಟೈಮಿಂಗನ್ನು 10 ಡಿಗ್ರಿಗೆ ತಂದು, ಕೊಳವೆಯನ್ನು ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಭಾಗ) ನೇರ ನಿರ್ವಾತಕ್ಕೆ ಜೋಡಿಸಿದಾಗ ಐಡಲ್‌ನಲ್ಲಿ ಒಟ್ಟು 22 ಡಿಗ್ರಿಯಾಯಿತು. ಹಳೆಯ ಫ್ಯಾನ್, ಹಳೆಯ ರೇಡಿಯೇಟರ್ ಎಲ್ಲ ಹಾಗೆಯೇ ಇದ್ದರೂ ಐಡಲ್‌ನ ತಾಪ 107ಕ್ಕೆ ಇಳಿಯಿತು. ಐಡಲ್ ವೇಗ ತಾನಾಗಿ ಏರುವುದರಿಂದ ಅದರ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಬೇಕು. ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಟೈಮಿಂಗ್ ಗುರುತು ಹೊತ್ತ ಹಳೆಯ ಡ್ಯಾಂಪರಿನ ಹೊರ ಬಳೆ ರಬ್ಬರಿನ ಮೇಲೆ ಜಾರಿದ್ದರೆ ಟೈಮಿಂಗ್ ಗುರುತೇ ಸುಳ್ಳು ಹೇಳುತ್ತದೆ, ಆದ್ದರಿಂದ ಮೊದಲನೆಯ ಸಿಲಿಂಡರಿನ ಪಿಸ್ಟನ್ನನ್ನು ತುದಿಗೆ ತಂದು ಗುರುತು ಸರಿಯಿದೆಯೇ ಎಂದು ನೋಡಿಕೊಂಡ ಮೇಲೆಯೇ ಟೈಮಿಂಗ್ ಲೈಟ್ (ಕಿಡಿಯ ಗಳಿಗೆ ತೋರಿಸುವ ಮಿನುಗು ದೀಪ) ಹಿಡಿಯಬೇಕು. ನಿರ್ವಾತದ ಕೊಳವೆಯನ್ನು ಕಳಚಿ ನಿಮಿಷಕ್ಕೆ 3000 ಸುತ್ತಿನಲ್ಲಿ ಅಳೆದಾಗ ಒಟ್ಟು ಟೈಮಿಂಗ್ 36 ಡಿಗ್ರಿ ಮೀರದಂತೆ ಕಾಯ್ದುಕೊಂಡೆ.

ಈಗ ಕಾರಿನಲ್ಲಿ ಉಳಿದಿರುವುದು ಶುಚಿಮಾಡಿಸಿದ ಹಳೆಯ ರೇಡಿಯೇಟರ್, ಶ್ರೌಡ್ ಸಹಿತ ಕ್ಲಚ್ ಫ್ಯಾನ್, ತಿದ್ದಿದ ಟೈಮಿಂಗ್, 82 ಡಿಗ್ರಿಯ ಥರ್ಮೋಸ್ಟಾಟ್, ಚದರ ಅಂಗುಲಕ್ಕೆ 15 ಪೌಂಡ್ ಒತ್ತಡದ ಹೊಸ ರೇಡಿಯೇಟರ್ ಕ್ಯಾಪ್. ಹೆದ್ದಾರಿಯಲ್ಲಿ 89, ಇಪ್ಪತ್ತು ನಿಮಿಷದ ಐಡಲ್‌ನಲ್ಲಿ 93, ಆಮೇಲೆ ಏರಿಕೆಯಿಲ್ಲ. ಕ್ಯಾಪಿನ ಮಾತು ಬಂದುದರಿಂದ ಹೇಳುತ್ತೇನೆ: ಸಮಪಾಲು ಕೂಲೆಂಟ್ ಮತ್ತು ನೀರಿನ ಮಿಶ್ರಣ ಆ ಒತ್ತಡದಲ್ಲಿ ಸುಮಾರು 129 ಡಿಗ್ರಿಯವರೆಗೆ ಕುದಿಯುವುದಿಲ್ಲ, ಕ್ಯಾಪಿನ ರಬ್ಬರ್ ಸೋತರೆ 107ರ ಆಸುಪಾಸಿನಲ್ಲೇ ಕುದಿಯುತ್ತದೆ. ಬಿಸಿಯಿರುವಾಗ ಅದನ್ನು ಎಂದಿಗೂ ತೆರೆಯಬಾರದು.

ನನ್ನ ಕಾರಿನ ತೊಂದರೆ ಹೆಚ್ಚಾಗಿ ನಿಂತಾಗಿನದಾಗಿತ್ತು, ಆದ್ದರಿಂದ ಫ್ಯಾನ್ ಮತ್ತು ಟೈಮಿಂಗ್ ಮುಂದೆ ಬಂದವು. ನಿಂತಾಗ ತಂಪಾಗಿದ್ದು ವೇಗದಲ್ಲಿ ಮಾತ್ರ ಕಾಯುವ ಕಾರಿಗೆ ಈ ಕ್ರಮ ತಲೆಕೆಳಗಾಗುತ್ತದೆ: ಅಲ್ಲಿ ಮೊದಲು ರೇಡಿಯೇಟರಿನ ಒಳಗನ್ನು ನೋಡಬೇಕು, ಅದಕ್ಕೂ ಮೊದಲು ಎಂಜಿನ್ ವೇಗ ಏರಿಸಿ ಕೆಳಗಿನ ಹೋಸ್ ಪೈಪನ್ನು ಗಮನಿಸಬೇಕು. ವಾಟರ್ ಪಂಪಿನ ಎಳೆತಕ್ಕೆ ಅದು ಒಳಕ್ಕೆ ಚಪ್ಪಟೆಯಾಗುತ್ತಿದ್ದರೆ ಒಳಗೆ ತಂತಿಯ ಸುರುಳಿಯಿರುವ ಗಟ್ಟಿ ಹೋಸ್ ಒಂದನ್ನು ಹಾಕಿದ ಮೇಲೆಯೇ ಉಳಿದದ್ದಕ್ಕೆ ಕೈಹಾಕುವುದು ಸರಿ.