ಅಸ್ತ್ರ ಒಲೆ: ಒಂಬತ್ತು ವರ್ಷ ರೊಟ್ಟಿ ಬಡಿದ ಮೇಲೆ

ನಮ್ಮದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಫರ್ಸಿ ಕಲ್ಲು ಹೊದಿಸಿದ ಮನೆ, ಅಡುಗೆ ಮನೆಗೆ ಒಂದೇ ಬೆಳಕಿಂಡಿ. ಒಂಬತ್ತು ವರ್ಷದ ಹಿಂದೆ ಹಳೆಯ ಒಲೆ ಕಿತ್ತು, ಮೂರು ಪಾತ್ರೆ ಕೂರುವ ಅಸ್ತ್ರ ಒಲೆ ಹಾಕಿಸಿದೆವು. ಮನೆಯಲ್ಲಿ ಗ್ಯಾಸ್ ಇದೆ. ಚಹಾ, ಹಾಲು, ಅವಸರದ ಉಪ್ಪಿಟ್ಟು ಅದರ ಮೇಲೆ. ಆದರೆ ಹನ್ನೊಂದು ಮಂದಿಗೆ ದಿನಾ ಜೋಳದ ರೊಟ್ಟಿ ಆಗಬೇಕು, ಸ್ನಾನಕ್ಕೆ ನೀರು ಕಾಯಬೇಕು. ಅದಕ್ಕೆಲ್ಲ ಸಿಲಿಂಡರ್ ಎಲ್ಲಿ ಸಾಲುತ್ತದೆ? ಹೊಲದಲ್ಲಿ ತೊಗರಿ ಕಟ್ಟಿಗೆ ಸುಮ್ನೆ ಬಿದ್ದಿರುತ್ತದೆ ಅಲ್ವಾ.

ಅಸ್ತ್ರ ಅನ್ನೋದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ಕೆಲಸಕ್ಕೆಂದು 1974ರಲ್ಲಿ ಶುರುವಾದ ವಿಭಾಗಕ್ಕೆ ಆಗ ಇದ್ದ ಹೆಸರು. ಒಲೆಗೂ ಅದೇ ಹೆಸರು ಉಳಿಯಿತು. ಹಳೆಯ ಒಲೆಯಲ್ಲಿ ಉರಿ ಪಾತ್ರೆಯ ಸುತ್ತ ಹೊರಗೆ ಹೋಗಿಬಿಡುತ್ತದೆ. ಇದರಲ್ಲಿ ಬೆಂಕಿ ಮುಚ್ಚಿದ ಗೂಡಿನೊಳಗೆ, ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಗಾಳಿ ಜಾಲರಿಯ ಕೆಳಗಿಂದ ಬರುತ್ತದೆ. ಬಿಸಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ಚಿಮಣಿ ಹತ್ತುತ್ತದೆ. ನಮ್ಮಲ್ಲಿ ಮೊದಲನೆಯದರ ಮೇಲೆ ರೊಟ್ಟಿ, ಎರಡನೆಯದರಲ್ಲಿ ಬೇಳೆ, ಮೂರನೆಯದರಲ್ಲಿ ನೀರು. ಮೊದಲು ಎರಡು ದಿನಕ್ಕೆ ಮುಗಿಯುತ್ತಿದ್ದ ಹೊರೆ ಈಗ ಮೂರು ದಿನದ ಮೇಲೂ ಬರುತ್ತದೆ. ಗೋಡೆಯ ಸುಣ್ಣ ಯುಗಾದಿಯಿಂದ ಯುಗಾದಿಗೆ ಬಿಳಿಯಾಗಿಯೇ ಇರುತ್ತದೆ. ಕಣ್ಣಲ್ಲಿ ನೀರು ಸುರಿಸದೆ ಅಡುಗೆ ಮಾಡುವುದು ಎಷ್ಟು ದೊಡ್ಡ ಸುಖ ಅನ್ನೋದು ಹೊಗೆಯಲ್ಲಿ ಕೂತವರಿಗೆ ಗೊತ್ತು.

ಆದರೆ ಮೊದಲ ವರ್ಷ ಇಷ್ಟು ಚೆನ್ನಾಗಿರಲಿಲ್ಲ. ಅತ್ತೆ ಮೂರನೇ ದಿನಕ್ಕೇ, "ಈ ಒಲಿ ಮ್ಯಾಲ ರೊಟ್ಟಿ ಉಬ್ಬಲ್ಲ ಬಿಡು, ಸುಮ್ನ ರೊಕ್ಕ ಹಾಳಾತು" ಅಂದರು. ಅವರ ಮಾತಿನಲ್ಲಿ ನಿಜ ಇತ್ತು. ಹಳೆಯ ಒಲೆಯಲ್ಲಿ ಹಂಚಿನಿಂದ ತೆಗೆದ ರೊಟ್ಟಿಯನ್ನು ಬಾಯಿಯ ಹತ್ತಿರ ಕೆಂಡಕ್ಕೆ ಆನಿಸಿ ನಿಲ್ಲಿಸುತ್ತಿದ್ದೆವು, ಬುಸ್ ಅಂತ ಉಬ್ಬುತ್ತಿತ್ತು. ಇಲ್ಲಿ ಬಾಯಿ ಚಿಕ್ಕದು, ಕೆಂಡ ಒಳಗೆ. ಹಂಚಿನ ಮೇಲೇ ಬಟ್ಟೆಯಿಂದ ಒತ್ತಿ ಉಬ್ಬಿಸುವುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ರೊಟ್ಟಿಯೇ ಮುಖ್ಯ ಅನ್ನುವ ಮನೆಯವರು ಇದನ್ನು ಮೊದಲೇ ತಿಳಿದಿರಲಿ.

ಗೌಂಡಿ ಚಿಮಣಿಯನ್ನು ಮಾಳಿಗೆಯ ಪ್ಯಾರಾಪೆಟ್ ಗೋಡೆಯ ಸಮಕ್ಕೆ ನಿಲ್ಲಿಸಿದ್ದ. ಗಾಳಿ ಬೀಸಿದಾಗೆಲ್ಲ ಹೊಗೆ ವಾಪಸ್ ಒಳಗೆ. ಎರಡು ಅಡಿ ಎತ್ತರಿಸಿ, ಮೇಲೆ ತಗಡಿನ ಟೋಪಿ ಹಾಕಿಸಿದ ಮೇಲೆ ಸರಿಹೋಯಿತು. ಮಳೆಗಾಲದ ಬೆಳಗ್ಗೆ ಮಾತ್ರ ಈಗಲೂ ಹೊಗೆ ತಿರುಗುತ್ತದೆ, ಯಾಕೆಂದರೆ ಚಿಮಣಿ ತಣ್ಣಗಿರುತ್ತದೆ. ಅದಕ್ಕೆ ನಾನು ಒಲೆ ಹೊತ್ತಿಸುವ ಮೊದಲು ಮೂರನೇ ಗುಂಡಿಯಲ್ಲಿ ಒಂದು ಹಿಡಿ ಒಣ ರವದಿ ಉರಿಸುತ್ತೇನೆ. ಚಿಮಣಿ ಬೆಚ್ಚಗಾಗಿ ಎಳೆಯಲು ಶುರು ಮಾಡುತ್ತದೆ. ಆಮೇಲೆ ಕೆಳಗೆ ಬೆಂಕಿ ಹಚ್ಚಿದರೆ ಊದುಗೊಳವೆಯೇ ಬೇಡ. ಸೀಮೆಎಣ್ಣೆ ಸುರಿದು ಹೊತ್ತಿಸುವುದನ್ನು ನಮ್ಮ ಮನೆಯಲ್ಲಿ ಬಂದ್ ಮಾಡಿದ್ದೇವೆ. ಸೆರಗಿಗೆ ಉರಿ ಹತ್ತಲು ಒಂದು ಗಳಿಗೆ ಸಾಕು.

ಈ ಒಲೆಯ ಅರ್ಧ ಗುಣ ಕಟ್ಟಿಗೆಯಲ್ಲಿದೆ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಶಕ್ತಿಯಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡಲು ಹೋಗುತ್ತದೆ, ಹೊಗೆಯೂ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಕಟ್ಟಿಗೆಯನ್ನು ಮಾರ್ಚ್‌ವರೆಗೆ ಬಿಸಿಲಲ್ಲಿ ಬಿಡುತ್ತೇವೆ. ಮುರಿದರೆ ಪಟ್ ಅನ್ನಬೇಕು, ಬಾಗಬಾರದು. ಮಳೆ ಬರುವ ಮೊದಲೇ ತಗಡಿನ ಕೆಳಗೆ ಒಟ್ಟಬೇಕು. ತೊಗರಿ ಕಟ್ಟಿಗೆಗೆ ಉರಿ ಜಾಸ್ತಿ, ರೊಟ್ಟಿಗೆ ಅದೇ ಸರಿ. ಬೇಳೆ ಬೇಯಲು, ನೀರು ಕಾಯಲು ಜಾಲಿ ಕಟ್ಟಿಗೆಯ ಕೆಂಡ ನಿಧಾನಕ್ಕೆ ನಿಲ್ಲುತ್ತದೆ. ಎಲ್ಲವನ್ನೂ ಒಂದು ಮೊಳದ ಒಳಗೆ ಕತ್ತರಿಸಬೇಕು. ಮೂರು ನಾಲ್ಕು ಕಡ್ಡಿಗಿಂತ ಜಾಸ್ತಿ ತುರುಕಿದರೆ ಗಾಳಿ ಸಿಗದೆ ಹೊಗೆಯಾಡುತ್ತದೆ. ಹೊಗೆ ಅಂದರೆ ಉರಿಯದೇ ಹೋದ ಕಟ್ಟಿಗೆ, ಅಷ್ಟೇ. ನಾನು ಅಂಗಳಕ್ಕೆ ಹೋದಾಗ ಒಮ್ಮೆ ಚಿಮಣಿ ಕಡೆ ನೋಡುತ್ತೇನೆ. ಬೆಳ್ಳಗೆ ದಟ್ಟ ಹೊಗೆ ಬರುತ್ತಿದ್ದರೆ ಒಳಗೆ ಬಂದು ಒಂದು ಕಡ್ಡಿ ಎಳೆಯುತ್ತೇನೆ, ಜಾಲರಿ ಕೆಳಗಿನ ಬೂದಿ ಕೆದಕುತ್ತೇನೆ.

ಗುಂಡಿಗೆ ಸರಿಯಾಗಿ ಕೂರದ ಪಾತ್ರೆ ಇಟ್ಟರೆ ಸಂದಿಯಿಂದ ಹೊಗೆ ಬರುತ್ತದೆ. ಪಾತ್ರೆ ಇಡದ ಗುಂಡಿಯನ್ನು ಮುಚ್ಚಲೇಬೇಕು. ಚಿಮಣಿಯನ್ನು ಅಮಾವಾಸ್ಯೆಗೊಮ್ಮೆ ಬಿದಿರಿನ ತುದಿಗೆ ಗೋಣಿ ಸುತ್ತಿ ಉಜ್ಜುತ್ತೇವೆ, ಪುಟ್ಟಿ ತುಂಬ ಮಸಿ ಬೀಳುತ್ತದೆ. ಬಿಟ್ಟರೆ ಅದೇ ಮಸಿಗೆ ಒಳಗೇ ಬೆಂಕಿ ಹತ್ತಬಹುದು.

ಬೂದಿಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಯಾರೂ ಮಾಡಬಾರದು. ನಾಲ್ಕನೇ ವರ್ಷದ ಫೆಬ್ರುವರಿ. ಬೆಳಗಿನ ಬೂದಿ ತಣ್ಣಗಾಗಿದೆ ಅಂದುಕೊಂಡು ಮಧ್ಯಾಹ್ನ ತಿಪ್ಪೆಗೆ ಸುರಿದೆ. ಸಂಜೆ ಗಾಳಿ ಎದ್ದಿತು. ಹತ್ತು ಹೆಜ್ಜೆ ಆಚೆ ಕಣಿಕೆಯ ಬಣವೆ. ಅದರ ಬುಡದಲ್ಲಿ ಹೊಗೆ ಕಂಡು ಮೈದುನ ಕೂಗಿಕೊಂಡ. ಓಣಿಯ ಮಂದಿ ಕೊಡ ತಂದು ಸುರಿದರು, ಎತ್ತುಗಳ ಮೇವು ಉಳಿಯಿತು. ಬೂದಿಯೊಳಗೆ ಕೆಂಡ ಒಂದು ದಿನಕ್ಕಿಂತ ಜಾಸ್ತಿ ಜೀವ ಹಿಡಿದಿರುತ್ತದೆ. ಈಗ ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕಿ, ಎರಡು ದಿನ ಬಿಟ್ಟು, ನೀರು ಚಿಮುಕಿಸಿ ಆಮೇಲೆ ಸುರಿಯುತ್ತೇನೆ.

ಚಳಿಗಾಲದಲ್ಲಿ ಅತ್ತೆ ಬುಟ್ಟಿಯಲ್ಲಿ ಕೆಂಡ ತುಂಬಿ ಮಲಗುವ ಕೋಣೆಗೆ ಒಯ್ಯುತ್ತಿದ್ದರು. ಕೆಂಡದಿಂದ ಬರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಬಾಗಿಲು ಹಾಕಿ ಮಲಗಿದವರು ಏಳದೇ ಹೋಗಬಹುದು. ಕೈ ಹಿಡಿದು ಬೇಡಿಕೊಂಡ ಮೇಲೆ ಬಿಟ್ಟರು. ಈಗ ಅವರ ಕೋಣೆಗೆ ಎರಡು ಕೌದಿ ಜಾಸ್ತಿ.

ಬಾಳಿಕೆ ಹೇಳಬೇಕೆಂದರೆ, ಜಾಲರಿಯನ್ನು ಒಮ್ಮೆ ಬದಲಿಸಿದ್ದೇವೆ. ಮಣ್ಣಿನ ಗೂಡು ಎರಡು ವರ್ಷಕ್ಕೊಮ್ಮೆ ಬಿರುಕು ಬಿಡುತ್ತದೆ. ನಮ್ಮ ಎರೆ ಮಣ್ಣು ಇದಕ್ಕೆ ಆಗುವುದಿಲ್ಲ, ಒಣಗಿದರೆ ಸೀಳುತ್ತದೆ. ಈ ಸಲ ಎರಡನೇ ಗುಂಡಿಯ ಸುತ್ತ ಬಿರಿದಿದೆ. ಗೌಂಡಿ ಸಿಮೆಂಟ್ ಮೆತ್ತೋಣ ಅಂದ. ಬೇಡ ಅಂದೆ, ಉರಿ ತಾಗಿದ ಸಿಮೆಂಟ್ ಉದುರುವುದನ್ನು ನೋಡಿದ್ದೇನೆ. ಎರಡು ಪುಟ್ಟಿ ಹುತ್ತದ ಮಣ್ಣು ತಂದು ಹೊಟ್ಟು ಕಲಸಿ ನೆನೆ ಹಾಕಿದ್ದೇನೆ. ಎಳ್ಳ ಅಮಾವಾಸ್ಯೆಯ ಸಜ್ಜೆ ರೊಟ್ಟಿಗೆ ಒಲೆ ಒಣಗಿರಬೇಕು.