ಒಂದು ಆಕ್ಟೇವಿಯಾ, ಮೂರು ಎಂಜಿನ್, ಬಳ್ಳಾರಿ ಬಿಸಿಲು

ಮೇ ತಿಂಗಳ ಒಂದು ಮಧ್ಯಾಹ್ನ, ತೋರಣಗಲ್ಲು ದಾಟಿ ಬಳ್ಳಾರಿ ಕಡೆ ಬರುವಾಗ ನನ್ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಪೆಟ್ರೋಲ್ ಎಂಜಿನ್ ಬಿಸಿಗೆ ಸೀಜ್ ಆಯಿತು, ಅಂದರೆ ಒಳಗೇ ಹಿಡಿದುಕೊಂಡು ನಿಂತಿತು. ಬಿಚ್ಚಿದಾಗ ಕಾರಣ ಸಿಕ್ಕಿತು. ಹಿಂದಿನ ಮಾಲೀಕರು ಹಾಕಿಸಿದ್ದ ಅಗ್ಗದ ವಾಟರ್ ಪಂಪಿನಲ್ಲಿ ನೀರು ತಳ್ಳುವ ಪ್ಲಾಸ್ಟಿಕ್ ಚಕ್ರ, ಇಂಪೆಲರ್, ಸೀಳಿತ್ತು. ಶಾಫ್ಟ್ ತಿರುಗುತ್ತಿತ್ತು, ನೀರು ಮಾತ್ರ ಹರಿಯುತ್ತಿರಲಿಲ್ಲ. ಎಂಜಿನ್ನಿನ ಮೇಲ್ಮುಚ್ಚಳ, ಹೆಡ್, ಬೆಂಡಾಗಿತ್ತು, ಮೂರನೇ ಸಿಲಿಂಡರಿನ ಗೋಡೆ ಗೀರುಬಿದ್ದಿತ್ತು.

ಕೌಲ್ ಬಜಾರಿನ ನಮ್ಮ ಮೆಕ್ಯಾನಿಕ್ ಉಸ್ತಾದರು ಹೆಡ್ ಮೇಲೆ ಸ್ಕೇಲ್ ಇಟ್ಟು ನೋಡಿ, "ಇದಕ್ಕ ಹಾಕೋ ರೊಕ್ಕದಾಗ ಬ್ಯಾರೆ ಎಂಜಿನ್ನೇ ಬರ್ತೈತಿ ತಮ್ಮಾ" ಅಂದರು. ನನ್ನ ಕೈಯಲ್ಲಿದ್ದದ್ದು ಎರಡು ಲಕ್ಷ. ಮುಂದಿನ ಹದಿನಾಲ್ಕು ತಿಂಗಳಲ್ಲಿ ಅದೇ ಕಾರಿಗೆ ಮೂರು ದಾರಿ ಹುಡುಕಿದೆವು.

ಮೊದಲು ಸಿಕ್ಕಿದ್ದು ಡೀಸೆಲ್. ಆಕ್ಟೇವಿಯಾದ 1.9 ಟಿಡಿಐ, 1896 ಸಿಸಿ, 90 ಅಶ್ವಶಕ್ತಿ. ಈ ಕಾರುಗಳು ನಮ್ಮ ಕಡೆ ಬೇಕಾದಷ್ಟು ಓಡಿವೆ, ಆದ್ದರಿಂದ ಗುಜರಿಯಲ್ಲಿ ಎಂಜಿನ್, ಪಂಪ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಸೇರಿ 55 ಸಾವಿರಕ್ಕೆ ಬಂತು. ಬಾಡಿ ಒಂದೇ ಆದ್ದರಿಂದ ಎಂಜಿನ್ ಹಿಡಿದಿಡುವ ಮೌಂಟಿಂಗ್ ನೇರ ಕೂತವು. ನಾಲ್ಕು ದಿನದಲ್ಲಿ ಗಾಡಿ ಸ್ಟಾರ್ಟ್ ಆಯಿತು. ಆ ಸುಲಭಕ್ಕೆ ನಾನು ಮರುಳಾದೆ ಅಂತಲೇ ಹೇಳಬೇಕು. ಕಾಗದದ ಮೇಲೆ ಈ ಡೀಸೆಲ್, ನನ್ನ ಹಳೆ ಪೆಟ್ರೋಲ್ ಎಂಜಿನ್ ಎರಡರ ಟಾರ್ಕೂ (ತಿರುಗಿಸುವ ಬಲ) 210 ನ್ಯೂಟನ್ ಮೀಟರ್. ಆದರೆ ಡೀಸೆಲ್ ನಿಮಿಷಕ್ಕೆ 1900 ಸುತ್ತಿನಲ್ಲಿ ಒಮ್ಮೆ ಎಳೆದು 4000 ಮುಟ್ಟುವಷ್ಟರಲ್ಲಿ ಉಸಿರು ಬಿಡುತ್ತದೆ. ಪೆಟ್ರೋಲ್ ಟರ್ಬೊ (ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಫ್ಯಾನ್) ಅದೇ ಎಳೆತವನ್ನು ಅಲ್ಲಿಂದ ಇನ್ನೂ ಮೇಲಕ್ಕೆ ಒಯ್ಯುತ್ತದೆ. ನಾನು ಈ ಕಾರು ಕೊಂಡದ್ದೇ ಆ ಮೇಲಿನ ಭಾಗಕ್ಕೆ. ಮೈಲೇಜ್ ಚೆನ್ನಾಗಿತ್ತು, ಬಿಸಿಯ ತಂಟೆ ಇರಲಿಲ್ಲ, ಆದರೂ ಸ್ಟೀರಿಂಗ್ ಹಿಡಿದಾಗ ಕಾರು ನನ್ನದು ಅನ್ನಿಸಲಿಲ್ಲ.

ಅದಕ್ಕಿಂತ ದೊಡ್ಡ ಮಾತು ದಾಖಲೆಯದು. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅಪಘಾತವಾದರೆ ವಿಮೆ ನಿಲ್ಲುವುದು ಕಷ್ಟ ಅಂತ ಪರಿಚಯದ ಏಜೆಂಟರು ಬಿಡಿಸಿ ಹೇಳಿದರು. ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರು. ಹನ್ನೊಂದು ದಿನ ಓಡಿಸಿ, ಹನ್ನೆರಡನೇ ದಿನ ಚೈನ್ ಪುಲ್ಲಿ ಹಾಕಿ ಕೆಳಗಿಳಿಸಿದೆವು.

ಎರಡನೆಯದು ಸ್ಕೋಡಾದ್ದೇ ಮುಂದಿನ ಪೀಳಿಗೆಯ ಕಾರು ಲಾರಾದ ಪೆಟ್ರೋಲ್ ಎಂಜಿನ್, 1.8 ಟಿಎಸ್‌ಐ. 160 ಅಶ್ವಶಕ್ತಿ, 250 ನ್ಯೂಟನ್ ಮೀಟರ್. ಸಂಖ್ಯೆ ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಇದರ ಕಥೆ ಚಿಕ್ಕದು, ಯಾಕಂದರೆ ಒಂದು ಕಿಲೋಮೀಟರ್ ಕೂಡ ಓಡಲಿಲ್ಲ. ಮೌಂಟಿಂಗ್ ಕೂರುವ ಜಾಗ ಬೇರೆ, ಲೇತಿನಲ್ಲಿ ಹೊಸದಾಗಿ ಮಾಡಿಸಬೇಕು. ಪೆಟ್ರೋಲ್ ನೇರ ಸಿಲಿಂಡರಿಗೇ ಸಿಡಿಯುವ ವ್ಯವಸ್ಥೆ, ಅದಕ್ಕೆ ಹೈ ಪ್ರೆಶರ್ ಪಂಪಿಗೆ ತಕ್ಕ ಫ್ಯೂಯಲ್ ಲೈನ್ ಬೇಕು. ವೈರಿಂಗ್ ಪೂರಾ ಬೇರೆ ಪೀಳಿಗೆಯದು. ಹಳೆ ಮೀಟರ್ ಬೋರ್ಡಿಗೂ ಹೊಸ ಇಸಿಯುಗೂ ಮಾತೇ ಆಗುವುದಿಲ್ಲ, ಕಳ್ಳತನ ತಡೆಯುವ ಬೀಗ ಇಮ್ಮೊಬಿಲೈಸರ್ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಎಂಜಿನ್ನಿಗೆ ಕೊಟ್ಟದ್ದು ಒಂದು ಲಕ್ಷ ಹತ್ತು ಸಾವಿರ. ವೈರಿಂಗ್ ಕೆಲಸಕ್ಕೇ ಅಷ್ಟೇ ಆಗುತ್ತದೆ ಅಂತ ತಿಳಿದ ದಿನ ಕೈಬಿಟ್ಟೆ, 85 ಸಾವಿರಕ್ಕೆ ಮಾರಿದೆ. ದುಡ್ಡು, ಪರಿಣತ ವೈರಿಂಗ್ ಕೆಲಸಗಾರ ಎರಡೂ ಇದ್ದವರಿಗೆ ಇದು ಒಳ್ಳೆಯ ಎಂಜಿನ್ನೇ. ಎರಡು ಲಕ್ಷದ ಕೆಲಸ ಮಾತ್ರ ಇದಲ್ಲ.

ಮೂರನೆಯದು ನನ್ನ ಕಾರಿನದೇ ತಳಿ: 1781 ಸಿಸಿ, ಒಂದು ಸಿಲಿಂಡರಿಗೆ ಐದರಂತೆ 20 ವಾಲ್ವ್, 1.8 ಟರ್ಬೊ. ಯುರೋಪಿನ ಆರ್‌ಎಸ್ 180 ಅಶ್ವಶಕ್ತಿಯದು, ನಮಗೆ ಬಂದದ್ದು 150. ಬೆಂಗಳೂರಿನ ಗುಜರಿಯೊಂದರಲ್ಲಿ ಹಿಂದಿನಿಂದ ಲಾರಿ ಗುದ್ದಿದ ಆರ್‌ಎಸ್ ಬಿದ್ದಿತ್ತು. ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಎಂಜಿನ್ ಜೊತೆ ಇಸಿಯು, ಮೀಟರ್, ಕೀ ಮೂರನ್ನೂ ಒಂದೇ ಸೆಟ್ಟಾಗಿ ಕೇಳಿ ತಗೊಂಡೆ. ಇಲ್ಲದಿದ್ದರೆ ಇಮ್ಮೊಬಿಲೈಸರ್ ತಲೆನೋವು ಇಲ್ಲೂ ತಪ್ಪುತ್ತಿರಲಿಲ್ಲ. 70 ಸಾವಿರ.

ಕೊಳ್ಳುವ ಮೊದಲು ನೋಡಿದ್ದನ್ನು ವಿವರವಾಗಿಯೇ ಹೇಳುತ್ತೇನೆ. ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ನಾವೇ ಒಯ್ದಿದ್ದೆವು: ನಾಲ್ಕೂ ಸಿಲಿಂಡರ್ ಹತ್ತೂವರೆಯಿಂದ ಹನ್ನೊಂದೂವರೆ ಬಾರ್ ಒಳಗೆ ಬಂದವು. ಆಯಿಲ್ ಕ್ಯಾಪ್ ತೆಗೆದು ಬೆರಳಾಡಿಸಿದರೆ ಕರಿ ಕೆಸರು ಇರಲಿಲ್ಲ. ಆದರೂ ಬಳ್ಳಾರಿಗೆ ತಂದ ಮೇಲೆ ಕೆಳಗಿನ ಆಯಿಲ್ ತೊಟ್ಟಿ, ಸಂಪ್, ಬಿಚ್ಚಿ ಆಯಿಲ್ ಹೀರುವ ಪಿಕಪ್ ಜಾಲರಿ ತೊಳೆದೆವು, ಯಾಕಂದರೆ ಆ ಜಾಲರಿ ಕಟ್ಟಿಕೊಂಡರೆ ಮೊದಲು ಸಾಯುವುದು ಟರ್ಬೊ. ಟರ್ಬೊಗೆ ಆಯಿಲ್ ಒಯ್ಯುವ ಪೈಪ್ ಬಿಸಿ ಎಕ್ಸಾಸ್ಟ್ ಹತ್ತಿರವೇ ಹಾಯುತ್ತದೆ, ಒಳಗೆ ಆಯಿಲ್ ಸುಟ್ಟು ಕಲ್ಲಿನಂತಾಗುತ್ತದೆ. ಅದನ್ನು ಹೊಸದೇ ಹಾಕಿದೆ. ಟೈಮಿಂಗ್ ಬೆಲ್ಟ್, ಟೆನ್ಶನರ್, ಥರ್ಮೋಸ್ಟಾಟ್ ಹೊಸವು. ವಾಟರ್ ಪಂಪ್ ಈ ಸಲ ಲೋಹದ ಇಂಪೆಲರಿನದು. ಈ ಪಂಪನ್ನು ತಿರುಗಿಸುವುದೂ ಟೈಮಿಂಗ್ ಬೆಲ್ಟೇ. ಪಂಪ್ ಹಿಡಿದುಕೊಂಡರೆ ಬೆಲ್ಟ್ ಹೋಗುತ್ತದೆ, ಬೆಲ್ಟ್ ಹೋದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಎಂಜಿನ್ ನೆಲದ ಮೇಲಿರುವಾಗಲೇ ಈ ಕೆಲಸ ಮುಗಿಸಿದರೆ ಅರ್ಧ ದಿನ, ಒಳಗೆ ಕೂರಿಸಿದ ಮೇಲೆ ಎರಡು ದಿನ.

ಇದಕ್ಕೆಲ್ಲ ಇನ್ನೂ 62 ಸಾವಿರ ಹೋಯಿತು. ಎಂಜಿನ್ನಿನ ಬೆಲೆಗೆ ಹತ್ತಿರ ಹತ್ತಿರ! ಆ ರೊಕ್ಕದಲ್ಲಿ ಇಸಿಯು ಟ್ಯೂನ್ ಮಾಡಿಸಿ ಶಕ್ತಿ ಹೆಚ್ಚಿಸಬಹುದಿತ್ತು ಅಂತ ಗೆಳೆಯರು ಇವತ್ತಿಗೂ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಈ ಕಾರುಗಳ ಟೆಂಪರೇಚರ್ ಮುಳ್ಳು 90ರಲ್ಲಿ ನಿಂತುಬಿಡುತ್ತದೆ, ನೀರು ನೂರು ದಾಟಿದರೂ ಸ್ವಲ್ಪ ಹೊತ್ತು ಅಲುಗುವುದಿಲ್ಲ. ಮೇ ತಿಂಗಳಲ್ಲಿ ನಾನು ನಂಬಿ ಕೆಟ್ಟದ್ದು ಆ ಮುಳ್ಳನ್ನೇ. ಈಗ ಇಸಿಯುವಿನಿಂದ ಅಂಕಿ ಓದುವ ಒಬಿಡಿ ರೀಡರ್ ಸಿಕ್ಕಿಸಿ, ಫೋನಿನಲ್ಲಿ ನಿಜವಾದ ಅಂಕಿ ನೋಡಿಕೊಂಡೇ ಓಡಿಸುತ್ತೇನೆ.

ಇನ್ನೊಂದು ನಮ್ಮೂರಿನದೇ ಸಮಸ್ಯೆ. ಈ ಕಾರಿನ ಇಂಟರ್‌ಕೂಲರ್ (ಟರ್ಬೊ ತುಂಬುವ ಬಿಸಿ ಗಾಳಿ ತಣಿಸುವ ಜಾಲ) ಚಿಕ್ಕದು, ಬಂಪರಿನ ಒಂದು ಮೂಲೆಯಲ್ಲಿ ಚಕ್ರದ ಮುಂದೆ ಅಡಗಿದೆ. ಸಂಡೂರು, ತೋರಣಗಲ್ಲು ಕಡೆ ವಾರಕ್ಕೆರಡು ಸಲ ಹೋದರೆ ಅದಿರಿನ ಕೆಂಪು ಧೂಳು ಅದರ ರೆಕ್ಕೆಗಳ ನಡುವೆ ಸಿಮೆಂಟಿನಂತೆ ಕೂರುತ್ತದೆ. ಹಳೆಯದನ್ನು ಬಿಚ್ಚಿ ತೊಳೆದಾಗ ಬಕೆಟ್ ನೀರು ಕೆಂಪಾಯಿತು. ಗಾಳಿ ತಣಿಯದಿದ್ದರೆ ಇಸಿಯು ತಾನೇ ಇಗ್ನಿಶನ್ ಕಿಡಿಯನ್ನು ತಡಮಾಡಿ ಶಕ್ತಿ ತಗ್ಗಿಸುತ್ತದೆ. ಬೇಸಿಗೆಯಲ್ಲಿ ಗಾಡಿ ಎಳೆಯುತ್ತಿಲ್ಲ ಅನ್ನುವವರು ಮೊದಲು ಇದನ್ನು ತೊಳೆಯಲಿ.

ಎಂಜಿನ್ ನಂಬರ್ ಬದಲಾದದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗುಜರಿಯ ಬಿಲ್ಲು, ಆ ಹಳೆ ಕಾರಿನ ಆರ್‌ಸಿ ನಕಲು ಕೊಟ್ಟೆವು, ಇನ್‌ಸ್ಪೆಕ್ಟರ್ ಬ್ಲಾಕ್ ಮೇಲಿನ ನಂಬರ್ ಉಜ್ಜಿ ನೋಡಿದರು. ಇಂಧನ ಅದೇ, ಸಿಸಿ ಅದೇ, ತಕರಾರು ಬರಲಿಲ್ಲ. ಆರ್‌ಸಿ ಆದ ಮೇಲೆ ವಿಮೆಯಲ್ಲೂ ತಿದ್ದಿಸಿದೆ.

ಹೋದ ಏಪ್ರಿಲಿನಲ್ಲಿ ಮಧ್ಯಾಹ್ನ ಎರಡಕ್ಕೆ, ಎಸಿ ಹಾಕಿಕೊಂಡು, ಮನೆಯವರೆಲ್ಲ ಕೂತು ಹೊಸಪೇಟೆಗೆ ಹೋದೆವು. ತೋರಣಗಲ್ಲು ಹತ್ತಿರ ಅದಿರು ಲಾರಿಗಳ ಸಾಲಿನಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಬಿದ್ದೆವು. ಫೋನಿನಲ್ಲಿ 98 ತೋರಿಸಿತು, ಫ್ಯಾನ್ ಓಡಿ 94ಕ್ಕೆ ಇಳಿಯಿತು. ದಾರಿ ಬಿಟ್ಟ ಮೇಲೆ ಮೂರನೇ ಗೇರಿನಲ್ಲಿ ಒತ್ತಿದೆ. ಎರಡು ಸಾವಿರ ದಾಟಿದ್ದೇ ಬೆನ್ನು ಸೀಟಿಗೆ ಅಂಟಿತು.